ಮಿನಿಡಿಸ್ಕ್‌ನೊಳಗಿನ ದನಿ: ಕಂಪ್ಯೂಟರಿಗೆ ಇಳಿಸುವ ಮುನ್ನ ನೋಡಬೇಕಾದ ಸೆಟ್ಟಿಂಗ್‌ಗಳು



ಸೈಪ್ರೆಸ್ ಸುತ್ತಮುತ್ತಲಿನ ನಮ್ಮ ಮನೆಗಳಲ್ಲಿ, ಡಾಲಸ್ ಮತ್ತು ಆಸ್ಟಿನ್‌ನ ಬಂಧುಗಳ ಮನೆಗಳಲ್ಲಿ, ಹಳೆಯ ಸಾಮಾನಿನ ಡಬ್ಬ ತೆರೆದರೆ ಅಂಗೈಗಿಂತ ಚಿಕ್ಕದಾದ ಬಣ್ಣಬಣ್ಣದ ಚೌಕಗಳು ಸಿಗುವುದುಂಟು. ಅವೇ ಮಿನಿಡಿಸ್ಕ್‌ಗಳು. 2000ರಲ್ಲಿ ಅಕ್ಕ ಸಮ್ಮೇಳನ ನಮ್ಮ ಹ್ಯೂಸ್ಟನ್‌ನಲ್ಲಿ ನಡೆದಾಗ ಐಪಾಡ್ ಇನ್ನೂ ಹುಟ್ಟಿರಲಿಲ್ಲ. ಜೇಬಿನಲ್ಲಿ ಹಿಡಿಯುವ ಒಳ್ಳೆಯ ರೆಕಾರ್ಡರ್ ಬೇಕೆಂದವರು ಆಗ ಮಿನಿಡಿಸ್ಕ್ ಕೊಳ್ಳುತ್ತಿದ್ದರು. ಊರಿಗೆ ಹೋದಾಗ ಅಜ್ಜಿಯ ಸೋಬಾನೆ ಪದ, ತಾತನ ಗಮಕ ವಾಚನ, ಮಕ್ಕಳ ಮೊದಲ ಕಛೇರಿ, ಇಂಥವನ್ನು ಹಿಡಿದಿಟ್ಟುಕೊಂಡು ಬಂದವರು ನಮ್ಮಲ್ಲಿ ಇದ್ದಾರೆ.

ಸೋನಿ ಕಂಪನಿ 1992ರಲ್ಲಿ ಹೊರತಂದ ಈ ಸಾಧನದ ಆಯಸ್ಸು ಮುಗಿದಿದೆ. ಮಿನಿಡಿಸ್ಕ್ ವಾಕ್‌ಮನ್ 2011ರಲ್ಲಿ ನಿಂತಿತು. ಖಾಲಿ ಡಿಸ್ಕ್‌ಗಳ ತಯಾರಿಕೆಯನ್ನೂ ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಸೈಪ್ರೆಸ್ ಕ್ರೀಕ್ 2016ರ ಏಪ್ರಿಲ್‌ನಲ್ಲಿ, ಮತ್ತೆ 2017ರ ಹಾರ್ವಿ ಚಂಡಮಾರುತದಲ್ಲಿ ಮನೆಗಳಿಗೆ ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಡಬ್ಬದಲ್ಲಿರುವ ದನಿಯನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮುಂದೂಡುವಂಥದ್ದಲ್ಲ. ಆದರೆ ಇಳಿಸುವಾಗ ಯಾವ ರೂಪದಲ್ಲಿ ಇಳಿಸುತ್ತೇವೆ ಎಂಬುದನ್ನು ನಾವು ಆರಿಸದಿದ್ದರೆ ಸಾಫ್ಟ್‌ವೇರ್ ತಾನೇ ಆರಿಸಿಬಿಡುತ್ತದೆ. ಆ ಆಯ್ಕೆ ಎಲ್ಲಿ ಅಡಗಿರುತ್ತದೆ, ಅದನ್ನು ಹೇಗೆ ಬದಲಿಸಬೇಕು ಎಂಬುದೇ ಈ ಪಾಠ.

1. ಡಿಸ್ಕ್‌ನಲ್ಲಿ ಇರುವುದೇನು?

ಮಿನಿಡಿಸ್ಕ್ ಬರೆಯುವಾಗ ಲೇಸರ್ ಕಿರಣ ಒಂದು ಚುಕ್ಕೆಯನ್ನು ಕಾಯಿಸುತ್ತದೆ, ಕಾದ ಚುಕ್ಕೆಯ ಮೇಲೆ ಅಯಸ್ಕಾಂತ ಗುರುತು ಹಾಕುತ್ತದೆ. ತಣ್ಣಗಾದ ಮೇಲೆ ಆ ಗುರುತು ಸುಲಭವಾಗಿ ಅಳಿಯದು. ಹಾಗಾಗಿ ಕ್ಯಾಸೆಟ್ಟಿಗಿಂತ ಡಿಸ್ಕ್ ಗಟ್ಟಿ. ಮೊದಲು ಕೈಕೊಡುವುದು ಅದನ್ನು ಓದುವ ಯಂತ್ರ.

ಇಷ್ಟು ಚಿಕ್ಕ ಡಿಸ್ಕ್‌ನಲ್ಲಿ 74 ಅಥವಾ 80 ನಿಮಿಷ ಹಿಡಿಸಲು ಸೋನಿ ಅಟ್ರ್ಯಾಕ್ ಎಂಬ ಸಂಕುಚನ ವಿಧಾನ ಬಳಸಿತು. ಕಿವಿಗೆ ಅಷ್ಟಾಗಿ ಕೇಳಿಸದು ಎಂದು ಲೆಕ್ಕ ಹಾಕಿದ ಭಾಗಗಳನ್ನು ಅದು ಬಿಟ್ಟುಬಿಡುತ್ತದೆ. ಮುಖ್ಯ ಬಗೆಗಳು ಇವು:

• ಎಸ್‌ಪಿ: ಸೆಕೆಂಡಿಗೆ 292 ಕಿಲೋಬಿಟ್. ಮೊದಲಿನಿಂದ ಇದ್ದದ್ದು ಇದೇ. ಮೊನೊದಲ್ಲಿ ಹಿಡಿದರೆ ಎರಡರಷ್ಟು ಹೊತ್ತು ಬರುತ್ತದೆ, ಭಾಷಣಗಳಿಗೆ ಇದು ಅನುಕೂಲವಾಗಿತ್ತು.
• ಎಲ್‌ಪಿ2 ಮತ್ತು ಎಲ್‌ಪಿ4: 2000ರಲ್ಲಿ ಬಂದವು. ಸುಮಾರು 132 ಮತ್ತು 66 ಕಿಲೋಬಿಟ್.
• ಹೈ-ಎಂಡಿ: 2004ರಲ್ಲಿ ಬಂದದ್ದು. ಇದರಲ್ಲಿ ಸಂಕುಚನವೇ ಇಲ್ಲದ ಪಿಸಿಎಂ ಕೂಡ ಉಂಟು.

ಇಲ್ಲೊಂದು ಎಚ್ಚರಿಕೆ. ಎಲ್‌ಪಿ ಬಗೆಯ ಡಿಸ್ಕನ್ನು 2000ಕ್ಕಿಂತ ಹಳೆಯ ಪ್ಲೇಯರಿನಲ್ಲಿ ಹಾಕಿದರೆ ಡಿಸ್ಕ್ ತಿರುಗುತ್ತದೆ, ನಿಮಿಷ ಓಡುತ್ತದೆ, ದನಿ ಮಾತ್ರ ಬರುವುದಿಲ್ಲ. ಖಾಲಿ ಎಂದುಕೊಂಡು ಅದನ್ನು ಕಸಕ್ಕೆ ಹಾಕಬೇಡಿ!

2. ಜೆರಾಕ್ಸಿನ ಜೆರಾಕ್ಸ್ ಬೇಡ

ಜಾತಕದ ಜೆರಾಕ್ಸ್ ಓದಲು ಬರುತ್ತದೆ. ಅದರ ಜೆರಾಕ್ಸಿನಲ್ಲಿ ಒತ್ತಕ್ಷರ ಮಸುಕಾಗುತ್ತದೆ. ಮೂರನೆಯದರಲ್ಲಿ ಊಹೆ ಮಾಡಬೇಕು. ದನಿಯ ಕಥೆಯೂ ಹೀಗೆಯೇ. ಡಿಸ್ಕ್‌ನಲ್ಲಿರುವುದು ಈಗಾಗಲೇ ಒಮ್ಮೆ ಸಂಕುಚಿತವಾದದ್ದು. ಅದನ್ನು ಇಳಿಸುವಾಗ ಎಂಪಿ3 ಅಥವಾ ಕಡಿಮೆ ಬಿಟ್‌ರೇಟಿನ ಇನ್ನೊಂದು ಅಟ್ರ್ಯಾಕ್ ಮಾಡಿದರೆ ಇನ್ನಷ್ಟು ಕಳೆದುಹೋಗುತ್ತದೆ. ತಂಬೂರಿಯ ಝೇಂಕಾರ, ಗೆಜ್ಜೆಯ ಸದ್ದು, ಶ-ಷ-ಸಗಳ ವ್ಯತ್ಯಾಸ ಮೊದಲು ಮಸುಕಾಗುವ ಜಾಗಗಳು. ಕಳೆದದ್ದನ್ನು ಯಾವ ಸಾಫ್ಟ್‌ವೇರೂ ತಿರುಗಿ ತರಲಾರದು.

ಆದ್ದರಿಂದ ಮನೆಯಲ್ಲಿ ಎರಡು ರೂಪ ಇರಲಿ. ಒಂದು, ಡಿಸ್ಕ್‌ನಲ್ಲಿದ್ದ ಅಟ್ರ್ಯಾಕ್ ದತ್ತಾಂಶವೇ ಬದಲಾಗದೆ ಬಂದ ಫೈಲ್. ಎರಡು, ಅದರಿಂದ ಬಿಚ್ಚಿದ ವೇವ್ ಫೈಲ್. 74 ನಿಮಿಷದ ಎಸ್‌ಪಿ ಡಿಸ್ಕ್ ಮೂಲ ರೂಪದಲ್ಲಿ ಸುಮಾರು 160 ಮೆಗಾಬೈಟ್, ವೇವ್ ಆದರೆ ಸುಮಾರು 780 ಮೆಗಾಬೈಟ್. ಆ ಕಾಲದ ಹಾರ್ಡ್ ಡಿಸ್ಕಿಗೆ ಇದು ಭಾರವಾಗಿತ್ತು, ಇಂದಿಗೆ ಏನೂ ಅಲ್ಲ. ಜಾಗ ಉಳಿಸಬೇಕೆಂದರೆ ವೇವನ್ನು ಫ್ಲ್ಯಾಕ್ ಮಾಡಿ, ಅದರಲ್ಲಿ ಏನೂ ನಷ್ಟವಾಗದು. ವಾಟ್ಸಾಪ್‌ನಲ್ಲಿ ಕಳಿಸಲು ಎಂಪಿ3 ಬೇಕಾದರೆ ಕೊನೆಗೆ ಮಾಡಿಕೊಳ್ಳಿ. ಮೂಲವನ್ನು ಮಾತ್ರ ಮುಟ್ಟಬೇಡಿ.

3. ನಿಮ್ಮ ಯಂತ್ರ ಯಾವುದು?

*ಅ) ಯುಎಸ್‌ಬಿ ಇಲ್ಲದ ಪ್ಲೇಯರ್.* ಬಹಳ ಮನೆಗಳಲ್ಲಿ ಉಳಿದಿರುವುದು ಇದೇ. ಡಿಸ್ಕನ್ನು ಪೂರ್ತಿ ನುಡಿಸುತ್ತಾ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಬೇಕು. ಇಲ್ಲಿ ಸೆಟ್ಟಿಂಗ್‌ಗಳು ಎರಡು ಕಡೆ ಅಡಗಿರುತ್ತವೆ.

ಪ್ಲೇಯರಿನಲ್ಲಿ: ಮೆಗಾ ಬಾಸ್, ಈಕ್ವಲೈಜರ್, ದನಿಯ ಮಿತಿ ಕಾಯುವ ಎವಿಎಲ್‌ಎಸ್, ಮೂರನ್ನೂ ಆಫ್ ಮಾಡಿ. ಕೆಲವು ಮಾದರಿಗಳ ಮೆನುವಿನಲ್ಲಿ ಹೆಡ್‌ಫೋನ್ ಅಥವಾ ಲೈನ್ ಔಟ್ ಎಂಬ ಆಯ್ಕೆ ಇರುತ್ತದೆ. ಲೈನ್ ಔಟ್ ಆರಿಸಿ. ಮನೆಯ ದೊಡ್ಡ ಡೆಕ್‌ನಲ್ಲಿ ಆಪ್ಟಿಕಲ್ ಔಟ್ ಇದ್ದರೆ ಅದೇ ಎಲ್ಲಕ್ಕಿಂತ ಉತ್ತಮ.

ಕಂಪ್ಯೂಟರಿನಲ್ಲಿ: ವಿಂಡೋಸ್‌ನ ಸೌಂಡ್ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೆಕಾರ್ಡಿಂಗ್ ವಿಭಾಗದಲ್ಲಿ ನಿಮ್ಮ ಲೈನ್ ಇನ್ ಆರಿಸಿ, ಪ್ರಾಪರ್ಟೀಸ್ ತೆರೆಯಿರಿ. ಅಡ್ವಾನ್ಸ್‌ಡ್ ಎಂಬಲ್ಲಿ 48,000 ಹರ್ಟ್ಜ್ ಇದ್ದರೆ 44,100 ಮಾಡಿ, ಏಕೆಂದರೆ ಮಿನಿಡಿಸ್ಕ್‌ನ ಲೆಕ್ಕ 44,100. ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲೂ ಅದೇ ಸಂಖ್ಯೆ ಇರಲಿ. ಸದ್ದು ಅಡಗಿಸುವ, ದನಿಯನ್ನು ತಾನೇ ಏರಿಳಿಸುವ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನೆಲ್ಲ ತೆಗೆದುಹಾಕಿ. ಇವು ಫೋನ್ ಮಾತಿಗಾಗಿ ಮಾಡಿದವು. ತಂಬೂರಿಯ ಶ್ರುತಿಯನ್ನು ಅವು ಫ್ಯಾನಿನ ಸದ್ದೆಂದು ತಿಳಿದು ಅಡಗಿಸಿಬಿಡಬಹುದು.

*ಆ) ನೆಟ್‌ಎಂಡಿ ಯಂತ್ರ.* 2001ರಿಂದ ಯುಎಸ್‌ಬಿ ಬಂತು. ಆದರೆ ಹಾಡನ್ನು ಕಂಪ್ಯೂಟರಿನಿಂದ ಡಿಸ್ಕಿಗೆ ಹಾಕಲು ಮಾತ್ರ. ನಾವೇ ಮೈಕ್ ಹಿಡಿದು ಮಾಡಿದ ಮುದ್ರಣವನ್ನು ಹಿಂದಕ್ಕೆ ತರಲು ಸೋನಿಯ ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ಈಗ ಉತ್ಸಾಹಿಗಳು ರೂಪಿಸಿದ ವೆಬ್ ಮಿನಿಡಿಸ್ಕ್ ಪ್ರೋ ಎಂಬ ಉಚಿತ ಸಾಧನ ಕ್ರೋಮ್ ಬ್ರೌಸರಿನಲ್ಲೇ ನಡೆಯುತ್ತದೆ. ವಿಂಡೋಸ್‌ನಲ್ಲಿ ಮೊದಲು ಝಾಡಿಗ್ ಎಂಬ ಪುಟ್ಟ ಪ್ರೋಗ್ರಾಮಿನಿಂದ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು. ಸಾಮಾನ್ಯ ಪರದೆಯಲ್ಲಿ ಇಳಿಸುವ ಆಯ್ಕೆ ಕಾಣದಿದ್ದರೆ ಗಾಬರಿ ಬೇಡ. ಮೆನುವಿನಲ್ಲಿ ಹೋಂಬ್ರೂ ಎಂಬ ಮೋಡ್ ಇದೆ. ಅದನ್ನು ತೆರೆದರೆ ಸೋನಿಯ ಅನೇಕ ನೆಟ್‌ಎಂಡಿ ಪೋರ್ಟಬಲ್‌ಗಳಿಂದ ಹಾಡುಗಳನ್ನು ಹೊರತೆಗೆಯಬಹುದು.

*ಇ) ಎಂಝಡ್-ಆರ್‌ಎಚ್1.* 2006ರಲ್ಲಿ ಬಂದ, ಅಮೆರಿಕದಲ್ಲಿ ಎಂಝಡ್-ಎಂ200 ಎಂಬ ಹೆಸರಿನಲ್ಲೂ ಮಾರಾಟವಾದ ಯಂತ್ರ. ಹಳೆಯ ಎಸ್‌ಪಿ, ಎಲ್‌ಪಿ ಡಿಸ್ಕ್‌ಗಳನ್ನು ಯುಎಸ್‌ಬಿಯಲ್ಲಿ ಬೇಗನೆ ಹಿಂದಕ್ಕೆ ಕೊಡಲೆಂದೇ ಸೋನಿ ಮಾಡಿದ ಯಂತ್ರ ಇದೊಂದೇ. ಸಂಘದಲ್ಲಿ ಯಾರ ಬಳಿಯಾದರೂ ಇದ್ದರೆ ಹತ್ತು ಮನೆಗಳಿಗೆ ಉಪಕಾರವಾದೀತು.

4. ಇಳಿಸುವ ರೂಪವನ್ನು ಆರಿಸುವುದು

ವೆಬ್ ಮಿನಿಡಿಸ್ಕ್ ಪ್ರೋನಲ್ಲಿ ಎಸ್‌ಪಿ ಹಾಡುಗಳು ಎಇಎ ಎಂಬ ಫೈಲಾಗಿ ಬರುತ್ತವೆ. ಇದೇ ಮೂಲ ರೂಪ. ಎಲ್‌ಪಿ ಹಾಡುಗಳು ವೇವ್ ಎಂಬ ಹೆಸರಿನಲ್ಲಿ ಬಂದರೂ ಒಳಗಿರುವುದು ಅಟ್ರ್ಯಾಕ್3. ಹೆಸರು ನೋಡಿ ಮೋಸಹೋಗಬೇಡಿ, ಕೆಲವು ಪ್ಲೇಯರ್‌ಗಳು ಇದನ್ನು ನುಡಿಸುವುದಿಲ್ಲ. ಎರಡನ್ನೂ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಓದಬಲ್ಲದು. ಅದರಿಂದ ನಿಜವಾದ ಪಿಸಿಎಂ ವೇವ್ ಮಾಡಿಕೊಳ್ಳಿ.

ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಸೋನಿಯ ಸೋನಿಕ್‌ಸ್ಟೇಜ್ ಇಟ್ಟುಕೊಂಡವರು ಮೂರು ವಿಷಯ ನೋಡಬೇಕು. ಮೊದಲನೆಯದಾಗಿ, ಆವೃತ್ತಿ 3.4 ಅಥವಾ ಅದಕ್ಕಿಂತ ಹೊಸದಿರಲಿ. ಅದಕ್ಕೂ ಹಿಂದಿನವು ಫೈಲಿಗೆ ಬೀಗ ಹಾಕಿ ಅದೇ ಕಂಪ್ಯೂಟರಿಗೆ ಕಟ್ಟಿಹಾಕುತ್ತಿದ್ದವು. ಎರಡನೆಯದಾಗಿ, ಆಯ್ಕೆಗಳಲ್ಲಿ ಕಾಪಿ ರಕ್ಷಣೆಯ ಟಿಕ್ ತೆಗೆಯಿರಿ. ಮೂರನೆಯದಾಗಿ, ಒಂದೇ ಒಂದು ಹಾಡು ಇಳಿಸಿ, ಅದರ ಪ್ರಾಪರ್ಟೀಸ್‌ನಲ್ಲಿ ಕೋಡೆಕ್ ಮತ್ತು ಬಿಟ್‌ರೇಟ್ ಎಷ್ಟಿದೆ ನೋಡಿ. ಡಿಸ್ಕ್‌ನಲ್ಲಿದ್ದುದಕ್ಕಿಂತ ಕಡಿಮೆ ಬಂದಿದ್ದರೆ ಅಲ್ಲೇ ನಿಲ್ಲಿಸಿ, ಪಿಸಿಎಂ ಆರಿಸಿ ಮತ್ತೆ ಇಳಿಸಿ.

2004-05ರಲ್ಲೇ ಹೈ-ಎಂಡಿಯಿಂದ ಇಳಿಸಿ ನಿಶ್ಚಿಂತರಾಗಿರುವವರಿಗೆ ಒಂದು ಮಾತು. ಆ ಒಎಂಎ ಫೈಲುಗಳಿಗೆ ಬೀಗ ಇರಬಹುದು. ಹಳೆಯ ಕಂಪ್ಯೂಟರ್ ಎಸೆದರೆ ಬೀಗದ ಕೈಯೂ ಅದರೊಂದಿಗೇ ಹೋಗುತ್ತದೆ. ಅದು ಇನ್ನೂ ನಡೆಯುವಾಗಲೇ ಹೊಸ ಸೋನಿಕ್‌ಸ್ಟೇಜ್ ಹಾಕಿ, ಬೀಗ ತೆಗೆದು, ವೇವ್ ಮಾಡಿಕೊಳ್ಳಿ.

5. ಮುಟ್ಟುವ ಮುನ್ನ, ಮುಗಿದ ಮೇಲೆ

• ಎಸ್‌ಪಿ, ಎಲ್‌ಪಿ ಡಿಸ್ಕ್‌ನ ಅಂಚಿನ ಪುಟ್ಟ ಟ್ಯಾಬ್ ಸರಿಸಿ ರಂಧ್ರ ಕಾಣುವಂತೆ ಮಾಡಿ. ಆಮೇಲೆ ಯಾರೂ ತಪ್ಪಿ ಅಳಿಸಲಾಗದು.
• ಯಂತ್ರವಾಗಲಿ ಸಾಫ್ಟ್‌ವೇರಾಗಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಇಲ್ಲದಿದ್ದರೆ ಎಲ್ಲವೂ ಅಳಿಯುತ್ತದೆ.
• ಇಳಿದ ಫೈಲನ್ನು ಆದಿ, ಮಧ್ಯ, ಅಂತ್ಯ ಮೂರು ಕಡೆ ಕೇಳಿ. ನಿಮಿಷಗಳ ಲೆಕ್ಕ ಡಿಸ್ಕಿನೊಂದಿಗೆ ತಾಳೆಯಾಗಬೇಕು.
• ಫೈಲಿಗೆ ಹಾಡಿದವರ ಹೆಸರು, ಊರು, ವರ್ಷ ಇರಲಿ. ದನಿ ಯಾರದೆಂದು ಗುರುತಿಸುವ ಹಿರಿಯರು ಇರುವಾಗಲೇ ಬರೆದಿಡಿ.
• ಒಂದು ಪ್ರತಿ ಮನೆಯಲ್ಲಿ, ಒಂದು ಊರಿನ ಅಣ್ಣ ತಮ್ಮಂದಿರ ಬಳಿ, ಒಂದು ಆನ್‌ಲೈನ್‌ನಲ್ಲಿ ಇರಲಿ. ಕ್ರೀಕ್ ಮತ್ತೆ ಉಕ್ಕಿದರೂ ಮೂರೂ ಮುಳುಗುವುದಿಲ್ಲ.
• ಡಿಸ್ಕನ್ನು ಎಸೆಯಬೇಡಿ. ಇನ್ನೂ ಒಳ್ಳೆಯ ದಾರಿ ನಾಳೆ ಸಿಗಬಹುದು.

ಮನೆಗೆಲಸ: ಈ ವಾರಾಂತ್ಯ ಒಂದೇ ಒಂದು ಡಿಸ್ಕ್ ಹುಡುಕಿ, ಒಂದೇ ಒಂದು ಹಾಡು ಇಳಿಸಿ ನೋಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸೆಟ್ಟಿಂಗ್ ಹುಡುಕುವುದರಲ್ಲಿ ಅವರು ನಮಗಿಂತ ಚುರುಕು, ದನಿ ಯಾರದೆಂದು ಹೇಳುವುದರಲ್ಲಿ ನಾವು. ಎಂದೂ ನೋಡದ ಮುತ್ತಜ್ಜಿ ಹಾಡುವುದನ್ನು ಅವರು ಕೇಳಲಿ, ಅವಳ ಮಾತಿನ ಸೊಗಡು ಮಸುಕಾಗದೆ ಕೇಳಲಿ.