ಕ್ರಿಸ್ತನಲ್ಲಿ ನೆಲೆಗೊಂಡಿರುವದು

ಓದತಕ್ಕ ವೇದಭಾಗ: ಯೋಹಾನ 15:1–11



ನಮ್ಮ ಕರ್ತನು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ, ಬಳ್ಳಿಗೂ ಕೊಂಬೆಗೂ ಇರುವ ಸಂಬಂಧವೇ ತನಗೂ ಶಿಷ್ಯರಿಗೂ ಇರತಕ್ಕದ್ದೆಂದು ತಿಳಿಸಿದನು. ದ್ರಾಕ್ಷೇತೋಟವನ್ನು ಕಾಣದವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ನಾಲೆಯನ್ನೂ ಕಬ್ಬನ್ನೂ ಅರಿಯದವರಾರು? ಆದಕಾರಣ ಇವುಗಳ ಮೂಲಕವೇ ಈ ಪಾಠವನ್ನು ವಿಚಾರಿಸೋಣ.

1. ಸಮೀಪವಿರುವದು ಬೇರೆ, ಸೇರಿರುವದು ಬೇರೆ.

ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆಯನ್ನು ಕಟ್ಟುವ ಕೆಲಸವು 1911ರಲ್ಲಿ ಆರಂಭವಾಯಿತು. ಮೊದಲು ಇರ್ವಿನ್ ನಾಲೆಯೆಂಬ ಹೆಸರಿದ್ದು ಈಗ ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಕಾಲುವೆಯು ಅಲ್ಲಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾದು ಬಂದು, ರಾಗಿ ಹುರುಳಿ ಬೆಳೆಯುತ್ತಿದ್ದ ಖುಷ್ಕಿ ಭೂಮಿಯಲ್ಲಿ ಬಹು ಭಾಗವನ್ನು ಭತ್ತ ಕಬ್ಬಿನ ಗದ್ದೆಯನ್ನಾಗಿ ಮಾಡಿತು. ಆದರೂ ನಾಲೆಯ ಏರಿಯ ಮಗ್ಗುಲಲ್ಲಿಯೇ ಒಣಗಿನಿಂತ ಗದ್ದೆಯನ್ನು ನಾವು ಕಂಡಿದ್ದೇವೆ. ನಾಲೆಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಹೊಲಗಾಲುವೆಯಲ್ಲಿ ಹೂಳೂ ಜೊಂಡೂ ತುಂಬಿದ್ದವು. ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರಿರುವದೂ, ದೇವಾಲಯದ ಪಕ್ಕದಲ್ಲಿ ಮನೆಯಿರುವದೂ ಹೀಗೆಯೇ.

ಇದನ್ನು ಇತರರಿಗಾಗಿ ಮಾತ್ರ ಬರೆಯುವದಿಲ್ಲ. ಒಂದು ಬೇಸಿಗೆಯಲ್ಲಿ ಉಪದೇಶಿಗಳಾದ ನಾವು ಪ್ರಸಂಗಕ್ಕಲ್ಲದೆ ವೇದವನ್ನು ತೆರೆಯದೆ, ಸಭೆಯ ಮುಂದಲ್ಲದೆ ಪ್ರಾರ್ಥಿಸದೆ ಅನೇಕ ವಾರಗಳನ್ನು ಕಳೆದೆವು. ಯಾರಿಗೂ ತಿಳಿಯಲಿಲ್ಲ. ಒಬ್ಬ ಮುದುಕನ ರೋಗಶಯ್ಯೆಯ ಬಳಿಯಲ್ಲಿ ನಮ್ಮ ಪ್ರಾರ್ಥನೆಯ ಮಾತುಗಳು ಎಂದಿನಂತೆಯೇ ಸರಾಗವಾಗಿ ಬಂದವು. ಆದರೆ ಆತನು ನಮ್ಮ ಕೈ ಹಿಡಿದು, “ಅಯ್ಯನೋರೆ, ಸ್ವಾಮಿ ನಿಮ್ಮ ಹತ್ರ ಇದಾನಾ?” ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

2. ಕಡಿದ ಕಬ್ಬೂ ಹಸುರಾಗಿ ಕಾಣುವದು.

ಗಾಡಿಗೆ ಹೇರಿದ ಕಬ್ಬನ್ನು ನೋಡಿರಿ. ಸೋಗೆಯ ಹಸುರು ಇನ್ನೂ ಮಾಸಿಲ್ಲ. ಆದರೆ ಕಡಿದಂದಿನಿಂದಲೇ ಅದರ ತೂಕವೂ ಸಕ್ಕರೆಯೂ ಕುಂದುತ್ತ ಬರುವವು. ಆದ್ದರಿಂದಲೇ ಬೇಗ ಅರೆಯಬೇಕೆಂದು ರೈತನು ಅವಸರಪಡುತ್ತಾನೆ. ಅಂದು ನಮ್ಮ ಸ್ಥಿತಿಯು ಇದೇ ಆಗಿತ್ತು. ಪ್ರಾರ್ಥನೆ ನಿಂತ ದಿನವೇ ಮನುಷ್ಯನು ಬಾಡಿದವನಾಗಿ ಕಾಣುವದಿಲ್ಲ, ಅಪಾಯವಿರುವದು ಅದರಲ್ಲಿಯೇ.

ಆದರೂ ನಿರಾಶರಾಗಬೇಡಿರಿ. ಕಟಾವಾದ ಗದ್ದೆಯಲ್ಲಿ ಬುಡವು ಮಣ್ಣನ್ನು ಬಿಡದಿದ್ದರೆ, ನೀರು ಮುಟ್ಟಿದೊಡನೆ ಕೂಳೆ ಚಿಗುರುವದಲ್ಲವೇ? ಆ ರಾತ್ರಿ ನಾವು ಮನೆಗೆ ಬಂದು ಬಾಗಿಲು ಹಾಕಿಕೊಂಡು, ಒಂದೂ ಚಂದದ ಮಾತಿಲ್ಲದೆ ಆತನ ಮುಂದೆ ಮೊಣಕಾಲೂರಿದೆವು. ನಾವು ಆತನನ್ನು ಬಿಟ್ಟಿದ್ದರೂ ಆತನು ನಮ್ಮನ್ನು ಬಿಟ್ಟಿರಲಿಲ್ಲ.

3. ದಿನದ ಕೆಲಸದಲ್ಲಿ ಇದು ಹೇಗೆ ಸಾಧ್ಯ?

ಕೂಲಿಯ ತಾಯಿಯೊಬ್ಬಳು, “ಕೋಳಿ ಕೂಗೋ ಹೊತ್ಗೆ ನಾಟಿಗೆ ಹೋಗೋಳು ನಾನು, ಮಂಡಿ ಊರೋಕೆ ಹೊತ್ತೆಲ್ಲಿ ಅಯ್ಯನೋರೆ?” ಎಂದಳು. ಆಕೆಯ ಮಾತು ನಿಜವೇ. ಆದರೆ 17ನೆಯ ಶತಮಾನದಲ್ಲಿ ಪ್ಯಾರಿಸ್ ಪಟ್ಟಣದ ಸಹೋದರ ಲಾರೆನ್ಸನು ಮಠದ ಅಡಿಗೆಮನೆಯಲ್ಲಿ ದುಡಿಯುತ್ತ, ಪಾತ್ರೆಗಳ ಸದ್ದಿನ ನಡುವೆಯೇ ದೇವರೊಂದಿಗೆ ಮಾತಾಡಲು ಕಲಿತನು. ಏಳುವಾಗ ಒಂದು ವಾಕ್ಯವನ್ನು ನೆನೆಯಿರಿ. ಪೈರು ನೆಡುವಾಗ ಸಾಲಿಗೊಮ್ಮೆ ಆತನ ಹೆಸರನ್ನು ಹೇಳಿರಿ. ಕೋಪ ಬಂದಾಗ ನಾಲಿಗೆಗೆ ಮುಂಚೆ ಆತನನ್ನು ಕರೆಯಿರಿ. ದೀಪ ಹಚ್ಚಿದ ಮೇಲೆ ಆ ದಿನದ ತಪ್ಪನ್ನು ಮರೆಮಾಜದೆ ಒಪ್ಪಿಕೊಳ್ಳಿರಿ. ಹೊಲಗಾಲುವೆಯ ಹೂಳನ್ನು ತೆಗೆಯುವದೆಂದರೆ ಇದೇ.

ಒಂದು ವಿಷಯದಲ್ಲಿ ನಮ್ಮ ಹೋಲಿಕೆಯು ಸಾಲದು. ನಾಲೆಯ ನೀರು ಸರದಿಯಿಂದ ಬರುವದು. ಕೊನೆಭಾಗದ ರೈತನು ರಾತ್ರಿಯೆಲ್ಲಾ ಎಚ್ಚರವಿದ್ದರೂ ಬರಿಗೈಯಲ್ಲಿ ಹಿಂದಿರುಗುವದುಂಟು. ಕ್ರಿಸ್ತನ ಬಳಿಯಲ್ಲಿ ಸರದಿಯೂ ಇಲ್ಲ, ಕೊನೆಭಾಗವೂ ಇಲ್ಲ.

ಮನೆಯವರೆಲ್ಲರೂ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಕಾಲುವೆಯಲ್ಲಿ ತುಂಬಿರುವ ಹೂಳು ಯಾವದು?
2. ಜನರು ನೋಡದಿರುವಾಗ ನಾವು ಪ್ರಾರ್ಥಿಸುತ್ತೇವೋ?
3. ಆ ಮುದುಕನು ಈ ರಾತ್ರಿ ನಮ್ಮನ್ನು ಕೇಳಿದರೆ ಏನು ಹೇಳುವೆವು?