ಮನೆಗೆ ಬಂದ ಕುದುರೆಮರಿ

ಮಳೆಗಾಲ ಕಳೆದ ಮೇಲೆ ಕುರಿಗಾರರು ಹಿಂಡುಗಳನ್ನು ಹೊಡೆದುಕೊಂಡು ನಮ್ಮ ಶಾಲೆಯ ಮುಂದಿನ ದಾರಿಯಲ್ಲಿ ಸಾಗುವುದನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿದ್ದಾರೆ. ಹಾಸಿಗೆ, ಪಾತ್ರೆ, ಒಮ್ಮೊಮ್ಮೆ ಆಗತಾನೇ ಹುಟ್ಟಿದ ಕುರಿಮರಿ, ಇಷ್ಟನ್ನೂ ಹೊತ್ತ ಗಿಡ್ಡ ಕುದುರೆಯೊಂದು ಹಿಂಡಿನೊಡನೆ ನಡೆಯುತ್ತದೆ. ಅದರ ಪಕ್ಕಕ್ಕೆ ಅಂಟಿಕೊಂಡು ಅದರ ಮರಿ. ಕಳೆದ ವರ್ಷ ಈ ನೋಟವನ್ನು ಕಂಡ ಬಾಲಕನೊಬ್ಬನು, “ಗುರೂಜಿ, ಇಂಥದೊಂದು ಮರಿ ನಮ್ಮ ಮನೆಯಲ್ಲಿದ್ದರೆ ಎಷ್ಟು ಚೆನ್ನ!” ಎಂದನು. ಅಂದು ಗಂಟೆ ಬಾರಿಸಿದ್ದರಿಂದ ಅವನಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಕ್ಕಲಕೋಟೆಯ ಸೀಮೆಗೂ ಕುದುರೆಗೂ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿಚಾರಕ್ಕೂ ಸ್ಥಾನ ದೊರೆತಿದೆ. ಭೀಮಾ ನದಿಯ ತೀರದಿಂದಲೇ ಹೆಸರು ಪಡೆದ ಭೀಮಥಡಿ ಕುದುರೆಯು ಮರಾಠರ ಸೈನ್ಯದಲ್ಲಿ ಖ್ಯಾತಿ ಗಳಿಸಿತ್ತು. ಆ ವೈಭವ ಅಳಿದ ಮೇಲೂ ತಳಿಯನ್ನು ಉಳಿಸಿಕೊಂಡು ಬಂದವರು ಅಲೆಮಾರಿ ಕುರಿಗಾರರೇ. ಅದಕ್ಕೆ ಪ್ರತ್ಯೇಕ ದೇಶೀ ತಳಿಯೆಂಬ ಮನ್ನಣೆಯ ಪತ್ರ ದೊರೆತದ್ದು 2024ರಲ್ಲಿ.

ನಾವು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ತಂದೆಯವರು ಜಾತ್ರೆಯಿಂದ ಎಂಟು ತಿಂಗಳ ಮರಿಯೊಂದನ್ನು ತಂದರು. ಕಂದು ಬಣ್ಣ, ಹಣೆಯ ಮೇಲೆ ಬಿಳಿಯ ಬೊಟ್ಟು. ತಾಯಿಯವರು ಬಾಗಿಲಲ್ಲಿ ಆರತಿ ಎತ್ತಿದರು. ಓಣಿಯ ಮಕ್ಕಳೆಲ್ಲ ಹಿತ್ತಲಲ್ಲಿ ನೆರೆದರು. ಮರುದಿನ ಹಿರಿಯರು ಹೊಲಕ್ಕೆ ಹೋದಾಗ, ಮರಿ ಬೇಗ ಬೆಳೆಯಲೆಂಬ ಆಸೆಯಿಂದ ನಾವು ಒಂದು ಬುಟ್ಟಿ ಜೋಳವನ್ನು ಅದರ ಮುಂದೆ ಸುರಿದೆವು. ಅದು ತಿಂದಿತು, ನಮಗೆ ಹಿಗ್ಗೋ ಹಿಗ್ಗು. ರಾತ್ರಿಯಾಗುತ್ತಲೇ ಮರಿ ಮೈಯೆಲ್ಲ ಬೆವರಿ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತ, ನೆಲದ ಮೇಲೆ ಹೊರಳಾಡತೊಡಗಿತು. ಪಶುವೈದ್ಯರು ಬಂದು ಮೂಗಿನ ಮೂಲಕ ನಳಿಕೆಯನ್ನಿಳಿಸಿ ಔಷಧ ಹಾಕಿದರು. ತಂದೆಯವರು ಕಂದೀಲು ಹಿಡಿದು ಬೆಳಗಿನವರೆಗೆ ಅದನ್ನು ಮೆಲ್ಲಗೆ ನಡೆಸಿದರು. ಮರಿ ಬದುಕಿತು. ತಂದೆಯವರು ನಮ್ಮನ್ನು ಹೊಡೆಯಲಿಲ್ಲ. “ನಿನ್ನ ಪ್ರೀತಿ ತಪ್ಪಲ್ಲೋ, ತಮ್ಮಾ. ತಿಳಿಯದೆ ಮಾಡಿದ ಪ್ರೀತಿ ತಪ್ಪು,” ಎಂದಷ್ಟೇ ನುಡಿದರು.

ಏಕೆ ಹೀಗಾಯಿತು? ಕುದುರೆಯು ಎತ್ತಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರವು ದೇಹಕ್ಕೆ ಹೋಲಿಸಿದರೆ ಚಿಕ್ಕದು. ತಿಂದದ್ದನ್ನು ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ದಿನದ ಬಹುಭಾಗ ಸ್ವಲ್ಪ ಸ್ವಲ್ಪವಾಗಿ ಹುಲ್ಲು ಮೇಯುವಂತೆ ಪ್ರಕೃತಿಯು ಅದನ್ನು ರೂಪಿಸಿದೆ. ಒಮ್ಮೆಲೇ ಹೆಚ್ಚಾದ ಕಾಳು ಕರುಳಿನಲ್ಲಿ ಹುಳಿತು, ವಾಯು ತುಂಬಿ, ಪ್ರಾಣಕ್ಕೇ ಎರವಾಗಬಹುದು; ಗೊರಸಿನ ಒಳಭಾಗಕ್ಕೂ ಉರಿ ಇಳಿದು ಪ್ರಾಣಿ ಕುಂಟಾಗಬಹುದು. ಆದುದರಿಂದ ಹುಲ್ಲೇ ಮುಖ್ಯ ಆಹಾರ. ನೆನೆಸಿದ ಹುರುಳಿಯಾಗಲಿ ಇತರ ಕಾಳಾಗಲಿ ಮಿತವಾಗಿರಬೇಕು. ಮೇವನ್ನು ಬದಲಿಸುವಾಗ ಏಳೆಂಟು ದಿನಗಳಲ್ಲಿ ಕ್ರಮವಾಗಿ ಬದಲಿಸಬೇಕು. ಬೂಷ್ಟು ಹಿಡಿದ ಮೇವನ್ನು ಎಂದೂ ಹಾಕಬಾರದು. ಶುದ್ಧವಾದ ನೀರು ಸದಾ ಎದುರಿಗಿರಬೇಕು.

ಎರಡನೆಯದು, ಮರಿಯ ಮನಸ್ಸು. ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಎದ್ದು ನಿಲ್ಲುವ ಮರಿಗೂ ತಾಯಿಯ ಹಾಲು ಮತ್ತು ಸಂಗ ತಿಂಗಳುಗಟ್ಟಲೆ ಬೇಕು. ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ ಹಾಲು ಬಿಡಿಸುವರು. ಅದಕ್ಕಿಂತ ಬಹಳ ಮೊದಲೇ ಅಗಲಿಸಿದ ಮರಿಯನ್ನು ಕೊಳ್ಳದಿರುವುದು ಲೇಸು. ಕುದುರೆ ಹಿಂಡಿನ ಪ್ರಾಣಿ. ಒಂಟಿಯಾಗಿ ಕಟ್ಟಿಹಾಕಿದರೆ ಬೆದರುತ್ತದೆ, ಕೊರಗುತ್ತದೆ. ಇನ್ನೊಂದು ಕುದುರೆಯಿಲ್ಲದಿದ್ದರೆ ಆಡನ್ನಾದರೂ ಜೊತೆಗಿಡಬೇಕು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ನೇರ ಹಿಂದಿನದು ಅದಕ್ಕೆ ಕಾಣಿಸದು. ಹಿಂದಿನಿಂದ ಸದ್ದಿಲ್ಲದೆ ಹೋದ ಬಾಲಕನು ಒದೆ ತಿಂದರೆ ಅದು ಕುದುರೆಯ ದುಷ್ಟತನವಲ್ಲ, ಭಯ. ಮೆಲುದನಿಯಿಂದ ಮಾತಾಡುತ್ತ ಭುಜದ ಕಡೆಯಿಂದ ಸಮೀಪಿಸಬೇಕು. ಕಿವಿಗಳು ಹಿಂದಕ್ಕೆ ಮಡಚಿದ್ದರೆ ದೂರ ನಿಲ್ಲಬೇಕು.

ಮೂರನೆಯದು ತಾಳ್ಮೆ. ಕುದುರೆಯ ಮುಂದಿನ ಹಾಲುಹಲ್ಲುಗಳು ಎರಡೂವರೆ ವರ್ಷದ ಸುಮಾರಿಗೆ ಬೀಳತೊಡಗಿ, ಶಾಶ್ವತ ಹಲ್ಲುಗಳು ಪೂರ್ಣಗೊಳ್ಳಲು ಐದು ವರ್ಷಗಳಾಗುತ್ತವೆ. ಎಲುಬುಗಳು ಬಲಿಯುವುದೂ ಅಷ್ಟೇ ನಿಧಾನ. ಎಳೆಯ ಬೆನ್ನಿನ ಮೇಲೆ ಹೇರು ಹೇರಿದರೆ, ಮಕ್ಕಳು ಹತ್ತಿ ಕುಣಿದರೆ, ಮುಂದೆ ಇಪ್ಪತ್ತು ವರ್ಷ ದುಡಿಯಬೇಕಾದ ಪ್ರಾಣಿಯನ್ನು ಎರಡೇ ವರ್ಷಗಳಲ್ಲಿ ಕೆಡಿಸಿದಂತೆ. ಮೂರು ವರ್ಷ ತುಂಬುವವರೆಗೆ ಅದಕ್ಕೆ ಕಲಿಸಬೇಕಾದುದು ಹಗ್ಗ ಹಿಡಿದವರೊಡನೆ ನಡೆಯುವುದು, ಕಾಲೆತ್ತಿ ಕೊಡುವುದು, ಮೈ ಉಜ್ಜಿಸಿಕೊಳ್ಳುವುದು, ಇಷ್ಟೇ. ಗೊರಸನ್ನು ದಿನವೂ ಕೆರೆದು ಶುಚಿಗೊಳಿಸಿ, ಆರರಿಂದ ಎಂಟು ವಾರಗಳಿಗೊಮ್ಮೆ ತಿಳಿದವರಿಂದ ಕತ್ತರಿಸಿಸಬೇಕು. ಧನುರ್ವಾಯುವಿನ ಲಸಿಕೆಯನ್ನೂ ಜಂತಿನ ಔಷಧವನ್ನೂ ಪಶುವೈದ್ಯರ ಸಲಹೆಯಂತೆ ಕೊಡಿಸಬೇಕು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಕುದುರೆಯ ಆಯುಷ್ಯ ಇಪ್ಪತ್ತೈದು ವರ್ಷಗಳಷ್ಟು ಇರುವುದುಂಟು. ಮಗುವಿನ ಹಟಕ್ಕಾಗಿ ಇಂದು ಕೊಂಡ ಮರಿಯು ಆ ಮಗು ಸಂಸಾರಸ್ಥನಾಗುವವರೆಗೂ ನಿಮ್ಮ ಅಂಗಳದಲ್ಲಿ ನಿಂತಿರುತ್ತದೆ. ಬರಗಾಲದಲ್ಲಿಯೂ ಅದಕ್ಕೆ ಮೇವು ಬೇಕು, ಹಬ್ಬದ ದಿನವೂ ನೀರು ಬೇಕು. ಇದನ್ನು ಯೋಚಿಸಿದ ಮೇಲೂ ಮನಸ್ಸಿದ್ದರೆ ಅವಶ್ಯವಾಗಿ ತನ್ನಿ; ಏಕೆಂದರೆ ಆನಂದವೂ ಅಷ್ಟೇ ದೊಡ್ಡದು. ಆ ರಾತ್ರಿಯ ಮರುದಿನದಿಂದ ಮರಿಯ ನೀರು, ಹುಲ್ಲು, ಕಸ ಇವೆಲ್ಲವೂ ನಮ್ಮ ಪಾಲಿನ ಕೆಲಸವಾದವು. ತಿಂಗಳೊಳಗೆ, ಬೆಳಗಿನ ಕತ್ತಲಲ್ಲಿ ನಮ್ಮ ಹೆಜ್ಜೆಯ ಸಪ್ಪಳ ಕೇಳಿದೊಡನೆ ಅದು ಕೆನೆಯತೊಡಗಿತು. ಮುಂದೆ ಎಷ್ಟೋ ಪರೀಕ್ಷೆಗಳಲ್ಲಿ ತೇರ್ಗಡೆಯಾದೆವು. ಆ ಕೆನೆತದಷ್ಟು ಹಿತವಾದ ಫಲಿತಾಂಶವನ್ನು ಇನ್ನಾವ ಪರೀಕ್ಷೆಯಲ್ಲಿಯೂ ಕೇಳಲಿಲ್ಲ.

ಬಾಲಕನೇ, ನಿನ್ನ ಪ್ರಶ್ನೆಗೆ ಉತ್ತರ ಇದೇ. ಮರಿಯನ್ನು ಬಯಸುವ ಮೊದಲು ಸೂರ್ಯೋದಯಕ್ಕಿಂತ ಮುಂಚೆ ಏಳುವುದನ್ನು ಕಲಿ.