ಶರದೃತುವಿನಲ್ಲಿ ಶಿಶುಗಳ ಪಾಠ

ನಮ್ಮ ಪಂಚಾಂಗದಲ್ಲಿ ಋತುಗಳು ಆರು. ಅವುಗಳಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳಿಗೆ ಶರದೃತುವೆಂದು ಹೆಸರು. ಮಳೆ ನಿಂತು, ಆಕಾಶ ತಿಳಿಯಾಗಿ, ದಸರೆ ದೀಪಾವಳಿಗಳು ಬರತಕ್ಕ ಕಾಲವಿದು. ಆದರೆ ಮುಂಬಯಿಯ ಕೆಲವು ಶಿಶುಶಾಲೆಗಳ ಗೋಡೆಯ ಮೇಲೆ ಈ ದಿನಗಳಲ್ಲಿ ಕೆಂಪು ಮೇಪಲ್ ಎಲೆಗಳು ಉದುರುವ ಚಿತ್ರ ತೂಗುತ್ತಿರುತ್ತದೆ; ಕೆಳಗೆ ‘ಆಟಮ್’ ಎಂದು ಬರೆದಿರುತ್ತದೆ. ಕಿಟಕಿಯ ಹೊರಗೆ ನೋಡಿದರೆ ಮಳೆಯುಂಡ ಮರಗಳೆಲ್ಲ ಹಚ್ಚಹಸುರು! ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಕಣ್ಣೆದುರಿನ ಎಲೆಯ ಕನ್ನಡ ಹೆಸರೇ ತಿಳಿಯದೆ ಹೋಗುವುದು ಸಣ್ಣ ನಷ್ಟವಲ್ಲ.

ಬೆಲೆಬಾಳುವ ಸಲಕರಣೆಗಳಿಲ್ಲದೆ ಶಿಶುಶಿಕ್ಷಣ ಸಾಧ್ಯವೇ ಎಂದು ಕೇಳುವವರುಂಟು. 1945ರಲ್ಲಿ ತಾರಾಬಾಯಿ ಮೋಡಕರು ಬೋರ್ಡಿ ಗ್ರಾಮದಲ್ಲಿ ಬಡಮಕ್ಕಳಿಗಾಗಿ ಬಾಲವಾಡಿಯನ್ನು ತೆರೆದಾಗ ಇದಕ್ಕೆ ಉತ್ತರ ಕೊಟ್ಟರು. ಮಾಂಟೆಸ್ಸೋರಿ ಪದ್ಧತಿಯ ದುಬಾರಿ ಸಾಮಾನುಗಳ ಬದಲು ಎಲೆ, ಬೀಜ, ಕಲ್ಲು, ಚಿಪ್ಪು, ಮಣ್ಣು ಇವೇ ಅಲ್ಲಿ ಪಾಠದ ಸಾಧನಗಳಾದವು. ಅನುತಾಯಿ ವಾಘರು ಅವರೊಡನೆ ದುಡಿದರು.

ದಸರೆಯ ಮರುದಿನ ಮನೆಮನೆಯಲ್ಲಿ ಬನ್ನಿ ಎಲೆ ಬಿದ್ದಿರುತ್ತದೆ. ನೆರೆಯ ಮರಾಠಿ ಬಂಧುಗಳು ಬಂಗಾರವೆಂದು ಕೊಟ್ಟ ಆಪಟಾ ಎಲೆಯೂ ಇರುತ್ತದೆ. ಅವನ್ನು ಗುಡಿಸಿ ಎಸೆಯಬೇಡಿ. ಬನ್ನಿಯದು ಒಂದು ಕಡ್ಡಿಗೆ ಅನೇಕ ಪುಟ್ಟ ಎಲೆ. ಆಪಟಾದ್ದು ನಡುವೆ ಸೀಳಿದ, ಗೊರಸಿನಂಥ ಎಲೆ. ಅರಳಿ, ಮಾವಿನ ಎಲೆಗಳನ್ನೂ ಸೇರಿಸಿ ಜಮಖಾನೆಯ ಮೇಲೆ ಸುರಿದು, ಮಕ್ಕಳಿಂದ ಆಕಾರದಂತೆ ಬೇರ್ಪಡಿಸಿರಿ. ಎಲೆಯ ಬೆನ್ನನ್ನು ಮೇಲೆ ಮಾಡಿ, ಅದರ ಮೇಲೆ ತೆಳುವಾದ ಕಾಗದವಿಟ್ಟು, ಬಣ್ಣದ ಕಡ್ಡಿಯನ್ನು ಮಲಗಿಸಿ ಉಜ್ಜಿದರೆ ನರಗಳೆಲ್ಲ ಮೂಡುತ್ತವೆ. ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆಯುವುದು ಹಿರಿಯರ ಕೆಲಸ. (ಇದಕ್ಕಾಗಿ ಕೊಂಬೆ ಕಡಿಯತಕ್ಕದ್ದಲ್ಲ.)

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೆಯಾದದ್ದು ಘಟ್ಟದ ಪಾಠ. ನವರಾತ್ರಿಯಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಮರಾಠಿಗರೂ ಮಣ್ಣಿನಲ್ಲಿ ಧಾನ್ಯ ಬಿತ್ತಿ ಘಟ್ಟ ಹಾಕುವುದುಂಟಷ್ಟೆ. ಪೂಜೆಯದನ್ನು ಮುಟ್ಟದೆ, ಮಕ್ಕಳಿಗೆಂದೇ ಎರಡು ಬಟ್ಟಲುಗಳಲ್ಲಿ ಮಣ್ಣು ಹಾಕಿ, ನೆನೆಸಿದ ಗೋದಿಯನ್ನು ಬಿತ್ತಿಸಿರಿ. ಒಂದು ಕಿಟಕಿಯಲ್ಲಿರಲಿ, ಇನ್ನೊಂದನ್ನು ಡಬ್ಬಿಯಿಂದ ಮುಚ್ಚಿರಿ. ಮೊಳಕೆ ಮೇಲೆ ಬಂದ ದಿನದಿಂದ, ಬೆಳಕಿನ ಸಸಿಯ ಎತ್ತರಕ್ಕೆ ಸರಿಯಾಗಿ ದಿನಕ್ಕೊಂದು ದಾರವನ್ನು ಕತ್ತರಿಸಿ, ಕಾಗದದ ಮೇಲೆ ಸಾಲಾಗಿ ಅಂಟಿಸಬೇಕು. ಅಂಕಿ ಬಾರದ ನಾಲ್ಕು ವರ್ಷದ ಕೂಸೂ ನಿನ್ನೆಯ ದಾರಕ್ಕಿಂತ ಇಂದಿನದು ಉದ್ದವೆಂದು ಬೆರಳಿಟ್ಟು ತೋರಿಸುತ್ತದೆ. ಕಾರಖಾನೆಯ ಕಚೇರಿಗಳಲ್ಲಿ ದೊಡ್ಡವರು ಗೆರೆ ಎಳೆದು ಮಾಡುವ ನಕ್ಷೆಯೂ ಇದೇ ತಾನೆ!

ಒಂಬತ್ತನೆಯ ದಿನ ಡಬ್ಬಿಯನ್ನು ತೆಗೆಯಿರಿ. ಒಳಗಿನ ಸಸಿ ನೀಳವಾಗಿ, ಬಡಕಲಾಗಿ, ಹಳದಿಯಾಗಿರುತ್ತದೆ. ಬೆಳಕಿಲ್ಲದೆ ಪತ್ರಹರಿತ್ತು, ಅಂದರೆ ಎಲೆಯ ಹಸುರು, ಹುಟ್ಟಲಿಲ್ಲ, ಹಳದಿಯೊಂದೇ ಕಾಣುತ್ತದೆ. ಚಳಿದೇಶದ ಮರಗಳ ಕತೆಯನ್ನು ಹೇಳಬೇಕಾದುದು ಈಗ. ಅಲ್ಲಿ ಹಗಲು ಕುಗ್ಗಿ ಚಳಿ ಏರಿದಾಗ ಎಲೆಯ ಹಸುರು ಅಳಿಯುತ್ತದೆ. ಅದರ ಕೆಳಗೆ ಅಡಗಿದ್ದ ಹಳದಿ ಹೊರಬೀಳುತ್ತದೆ. ಮೇಪಲ್ಲಿನ ಕೆಂಪು ಮಾತ್ರ ಆ ದಿನಗಳಲ್ಲಿ ಹೊಸದಾಗಿ ಹುಟ್ಟುವ ಬಣ್ಣ. ನಮ್ಮ ಬೀದಿಯ ಬಾದಾಮಿ ಮರವೂ ಉದುರುವ ಮುನ್ನ ಎಲೆಯನ್ನು ಕೆಂಪಾಗಿಸುತ್ತದೆ, ಆದರೆ ದಸರೆಗಲ್ಲ, ಚಳಿಗಾಲದಲ್ಲಿ. ಆ ಕೆಂಪೆಲೆಯನ್ನು ಆಗ ತಂದು ಗೋಡೆಯ ಮೇಪಲ್ ಚಿತ್ರದ ಪಕ್ಕಕ್ಕೆ ಅಂಟಿಸಿರಿ.

ತಾಯಂದಿರು ಒಂದು ಮಾತನ್ನು ಗಮನಿಸಬೇಕು. ಎಣಿಕೆಗೆ ಹುಣಿಸೇಬೀಜ ಸಾಕು. ಗುಲಗಂಜಿ ನೋಡಲು ಚೆಂದವಾದರೂ ವಿಷ, ಕಣಗಿಲೆಯ ಎಲೆಯೂ ವಿಷ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಯಾವ ಬೀಜವನ್ನೂ ಕೊಡಬೇಡಿ, ಮೂಗಿಗೋ ಕಿವಿಗೋ ಹಾಕಿಕೊಳ್ಳುತ್ತವೆ.